ಉತ್ತರಕಾಶಿಗೆ ಹೊರಟ ಮಗಳಿಗೆ

ಪುಟ್ಟಿ,

ಡೆಹ್ರಾಡೂನ್ ತಲುಪಿದೆ, ನಾಳೆ ಉತ್ತರಕಾಶಿಗೆ ಅಂತ ನಿನ್ನ ಮೆಸೇಜ್ ಬಂತು. ಕೊನೆಗೆ ಒಂದು ನಗುವ ಮುಖ ಬೇರೆ. ಹೊರಡುವ ಹಿಂದಿನ ರಾತ್ರಿ ಕೂಗಾಡಿದ್ದಕ್ಕೆ ಸಾರಿ. ಹಿಮಾಲಯದಲ್ಲಿ ಭೂಕಂಪದ ಭಯ ಇದೆ ಅಂತ ಹೇಳಿದ್ದನ್ನು ಮಾತ್ರ ವಾಪಸ್ ತಗೊಳ್ಳುವುದಿಲ್ಲ.

"ಭೂಕಂಪಕ್ಕೆ ಹೆದರಿದರೆ ಜಿಯಾಲಜಿ ಓದೋದು ಹೇಗಮ್ಮ" ಅಂದೆ ನೀನು. ನೀನಿನ್ನೂ ಹುಟ್ಟಿರಲಿಲ್ಲ, 1993ರ ಸೆಪ್ಟೆಂಬರ್ 30. ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿ, ನಮ್ಮ ಬೀದರ್‌ನಿಂದ ದೂರವೇನಲ್ಲ. ಹಿಂದಿನ ದಿನ ಅನಂತ ಚತುರ್ದಶಿ. ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ಬೆಳಗಿನ ಜಾವ ನಾಲ್ಕು ಹೊಡೆಯುವ ಮೊದಲೇ ಊರು ನೆಲಕ್ಕೆ ಬಿದ್ದಿತ್ತು. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು ತುಂಬಿದ ಮಾಳಿಗೆ. ಕಂಪನ 6.2 ಅಷ್ಟೇ, ಹಿಮಾಲಯದ ಲೆಕ್ಕಕ್ಕೆ ಸಣ್ಣದು. ಸತ್ತವರು ಸಾವಿರಾರು. ಲಾವಾ ಆರಿ ಆದ ಕಪ್ಪು ಬಸಾಲ್ಟ್ ಕಲ್ಲಿನ ಹೊದಿಕೆಯ ಕೆಳಗೆ ಸ್ತರಭಂಗ, ಅಂದರೆ ಕಲ್ಲು ಮುರಿದು ಜಾರುವ ಬಿರುಕು, ಅಡಗಿತ್ತಂತೆ. ದಖ್ಖನ್ ಗಟ್ಟಿ ನೆಲ, ಏನೂ ಆಗಲ್ಲ ಅಂದುಕೊಂಡೇ ಜನ ಅದರ ಮೇಲೆ ಮನೆ ಕಟ್ಟಿದ್ದರು. ಪೇಪರಿನ ಫೋಟೋದಲ್ಲಿ ಒಬ್ಬ ಹೆಂಗಸು ಕಲ್ಲಿನ ರಾಶಿ ಎದುರು ಖಾಲಿ ಕೊಡ ಹಿಡಿದು ಕೂತಿದ್ದಳು. ಆ ಮಾಳಿಗೆ, ಆ ಕೊಡ ಇವತ್ತಿಗೂ ಕಣ್ಣಿಂದ ಹೋಗಿಲ್ಲ. ಗಟ್ಟಿ ನೆಲದಲ್ಲೇ ಹೀಗಾದರೆ ನಿನ್ನ ಹಿಮಾಲಯದಲ್ಲಿ?

ಮೊನ್ನೆ ಲಾಲ್‌ಬಾಗ್ ಬಂಡೆ ಹತ್ತಿದೆ. ಕೆಂಪೇಗೌಡ ಗೋಪುರದ ಕೆಳಗೆ ಬಗ್ಗಿ ನೋಡಿದರೆ, ಬಿಳಿ-ಬೂದು ಪಟ್ಟೆಗಳು ಅಲೆಅಲೆಯಾಗಿ ತಿರುಗಿವೆ. ಸುಮಾರು 300 ಕೋಟಿ ವರ್ಷದ ನೈಸ್ (gneiss) ಕಲ್ಲು, ಆಳದ ಬಿಸಿಗೆ, ಒತ್ತಡಕ್ಕೆ ರೂಪ ಬದಲಿಸಿ ಪಟ್ಟೆ ಬಿದ್ದದ್ದು. ಚಿಕ್ಕಿಯ ಪಾಕ ಬಿಸಿಯಿದ್ದಾಗ ಬಾಗುತ್ತೆ, ಆರಿದರೆ ಪಟ್ ಅಂತ ಮುರಿಯುತ್ತೆ, ಅಲ್ವಾ? ಆಳದಲ್ಲಿ ಬಿಸಿಯಾಗಿ ಒತ್ತಿಸಿಕೊಂಡ ಕಲ್ಲು ಮಡಿಕೆ ಬೀಳುತ್ತೆ, ಮೇಲೆ ತಣ್ಣಗಿರುವುದು ಸೀಳುತ್ತೆ. ಮಡಿಕೆಯನ್ನು ಯಾವುದೋ ಬಿರುಕು ಕತ್ತರಿಸಿದ್ದರೆ ಮಡಿಕೆ ಮೊದಲಿನದು, ಬಿರುಕು ಆಮೇಲಿನದು. ವಾಕಿಂಗ್ ಬಂದವರನ್ನೆಲ್ಲ ನಿಲ್ಲಿಸಿ ಇದನ್ನು ಹೇಳಿದೆ, ನನ್ನ ಮಗಳು ಕಲಿಸಿದ್ದು ಅಂತ. ಒಬ್ಬರು ಪಾಪ, ಎರಡು ಸಲ ಕೇಳಿಸಿಕೊಂಡರು.

ನಮ್ಮ ಬಂಡೆಯ ಮಡಿಕೆ ಎಂದೋ ಮುಗಿದ ಕಥೆ. ಹಿಮಾಲಯದಲ್ಲಿ ಇನ್ನೂ ಮುಗಿದಿಲ್ಲ. ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾಗೆ ಡಿಕ್ಕಿ ಹೊಡೆದ ನಮ್ಮ ನೆಲ ಈಗಲೂ ವರ್ಷಕ್ಕೆ ಕೆಲವು ಸೆಂಟಿಮೀಟರ್ ಉತ್ತರಕ್ಕೆ ಒತ್ತುತ್ತಿದೆ. ಉತ್ತರಕಾಶಿಯ ಭಟ್ವಾಡಿ ಹತ್ತಿರ ನೀನು ನೋಡಲಿರುವ ಮೇನ್ ಸೆಂಟ್ರಲ್ ಥ್ರಸ್ಟ್ ಅನ್ನೋ ಹಿಮಾಲಯದ ದೊಡ್ಡ ಸ್ತರಭಂಗದಲ್ಲಿ, ಆಳದಲ್ಲಿ ಚೆನ್ನಾಗಿ ಬೆಂದ ಕಲ್ಲು ಕಡಿಮೆ ಬೆಂದದ್ದರ ಮೇಲೆ ಹತ್ತಿ ಕೂತಿದೆಯಂತೆ. ಚೆನ್ನಾಗಿ ನೋಡು, ಫೋಟೋ ಕಳಿಸು. 1991ರ ಅಕ್ಟೋಬರ್ 20ರ ಬೆಳಗಿನ ಜಾವ ಭೂಕಂಪಕ್ಕೆ ನಡುಗಿದ್ದೂ ಅದೇ ಉತ್ತರಕಾಶಿ, ಅದನ್ನೂ ಮರೀಬೇಡ.

ಮಳೆ ಬಂದ ದಿನ ಕಡಿದಾದ ಇಳಿಜಾರಿನ ಬುಡದಲ್ಲಿ ನಿಲ್ಲಬೇಡ. ಶೂ, ಟಾರ್ಚ್ ಹಾಸಿಗೆ ಪಕ್ಕದಲ್ಲೇ ಇರಲಿ. ಹೆಲ್ಮೆಟ್ ಬ್ಯಾಗಲ್ಲಿದ್ದರೆ ಸಾಲದು, ತಲೆ ಮೇಲಿರಬೇಕು. ಲೆಕ್ಚರ್ ಕೊಡಲ್ಲ ಅಂದಿದ್ದೆ, ಇರಲಿ ಬಿಡು.

ಆ ಕಡೆ ಕಲ್ಲಿನ ನಡುವೆ ಮರದ ತೊಲೆ ಕೂರಿಸಿ ಕಟ್ಟಿದ ಹಳೇ ಮನೆಗಳಿವೆ, ಕೋಟಿ ಬನಾಲ್ ಅಂತಾರೆ. ಎಷ್ಟೋ ಭೂಕಂಪ ತಡೆದು ನಿಂತಿವೆ. ನಿನಗೆ ಕೊಟ್ಟಿರುವ ರೂಮು ಯಾವ ಥರದ್ದು? ಬರೀ ಕಲ್ಲಾ, ಮರ ಇದೆಯಾ, ಮಾಳಿಗೆ ಎಂಥದ್ದು? ಮೊದಲು ಅಷ್ಟು ತಿಳಿಸು.

ಅಮ್ಮ