ಸ್ಪೀಕರ್ ನಿಲ್ಲಿಸಬೇಡ

ಪುಟ್ಟಿ,

ಅಂಟಾರ್ಕ್ಟಿಕಾದ ಚಳಿಗಾಲದ ತಂಡಕ್ಕೆ ನೀನು ಆಯ್ಕೆಯಾದದ್ದು ಅಪ್ಪನಿಗೆ ಮೊದಲೇ ಗೊತ್ತಿತ್ತಂತೆ. ಇರಲಿ, ಭಾನುವಾರದ ಜಗಳವನ್ನು ಮತ್ತೆ ಕೆದಕುವುದಿಲ್ಲ. ಆದರೆ ‘ಆರ್ಮ್‌ಸ್ಟ್ರಾಂಗ್ ಮನೆಯವರೂ ಹೀಗೇ ಅಡ್ಡ ನಿಂತಿದ್ದರೆ?’ ಎಂದೆಯಲ್ಲ, ಆ ಮನೆಯ ವಿಷಯವನ್ನು ಹುಡುಕಿ ಓದಿದೆ. ನೀನು ಓದಿದಂತಿಲ್ಲ.

ಗಗನಯಾತ್ರಿಗಳ ಮನೆಯಲ್ಲಿ ನಾಸಾ ಒಂದು ಸ್ಪೀಕರ್ ಇಡುತ್ತಿತ್ತು. ನೌಕೆಗೂ ನಿಯಂತ್ರಣ ಕೇಂದ್ರಕ್ಕೂ ನಡೆಯುವ ಮಾತು ಅದರಲ್ಲಿ ಕೇಳಿಸುತ್ತಿತ್ತು. 1966ರ ಮಾರ್ಚ್‌ನಲ್ಲಿ ಜೆಮಿನಿ 8 ಎಂಬ ನೌಕೆಯ ಥ್ರಸ್ಟರ್, ಅಂದರೆ ದಿಕ್ಕು ತಿರುಗಿಸುವ ಪುಟ್ಟ ಎಂಜಿನ್, ಕೆಟ್ಟು ನೌಕೆ ಸೆಕೆಂಡಿಗೆ ಸುಮಾರು ಒಂದು ಸುತ್ತಿನಂತೆ ಗಿರಗಿರ ತಿರುಗಿತು. ಒಳಗೆ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್. ಮನೆಯ ಸ್ಪೀಕರನ್ನು ನಾಸಾದವರು ಸರಿಯಾಗಿ ಆಗಲೇ ನಿಲ್ಲಿಸಿಬಿಟ್ಟರು. ನೀಲ್ ಅವರ ಹೆಂಡತಿ ಜಾನೆಟ್ ಕೇಂದ್ರಕ್ಕೆ ಧಾವಿಸಿದರೆ ಒಳಗೆ ಬಿಡಲಿಲ್ಲ. ಭೂಮಿಗೆ ಮರಳುವಾಗ ಬಳಸಬೇಕಿದ್ದ ಥ್ರಸ್ಟರ್‌ಗಳಿಂದ ನೀಲ್ ನೌಕೆಯನ್ನು ಹಿಡಿತಕ್ಕೆ ತಂದರು. ಇಬ್ಬರೂ ಬದುಕಿ ಬಂದರು, ಮುಂದೆ ಇಬ್ಬರೂ ಚಂದ್ರನ ಮೇಲೆ ನಡೆದರು. ಅದೆಲ್ಲ ಸರಿ. ನನಗೆ ಮಾತ್ರ ಆ ಮೂಕ ಸ್ಪೀಕರಿನ ಮುಂದೆ ಕುಳಿತವಳದೇ ಚಿಂತೆ. ಆಕೆ ಗಾಬರಿಯಾಗಬಾರದೆಂದು ನಿಲ್ಲಿಸಿದರೋ ಏನೋ. ಏನೂ ಕೇಳಿಸದಿದ್ದರೆ ಗಾಬರಿ ಕಡಿಮೆಯಾಗುತ್ತದೆಂದು ಯಾರು ಹೇಳಿದರು? ಕೆಟ್ಟದ್ದನ್ನು ಕೇಳಿಸಿಕೊಳ್ಳುವ ಶಕ್ತಿ ಮನೆಯಲ್ಲಿರುವವರಿಗೆ ಇಲ್ಲವೇ?

ಹೋದವರಿಗೆ ಭಯವಿರಲಿಲ್ಲವೆಂದು ತಿಳಿಯಬೇಡ. ಅಪೊಲೊ 11ರಲ್ಲಿ ಉಳಿದಿಬ್ಬರು ಚಂದ್ರನಿಗಿಳಿದಾಗ ಮೇಲೆ ನೌಕೆಯಲ್ಲೇ ಸುತ್ತುತ್ತಿದ್ದ ಮೈಕೆಲ್ ಕಾಲಿನ್ಸ್, ಸಂಗಾತಿಗಳನ್ನು ಚಂದ್ರನಲ್ಲೇ ಬಿಟ್ಟು ಒಬ್ಬನೇ ಮರಳಬೇಕಾದೀತೆಂಬ ಭಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದರು. ಮುಂದೆ ತಾವೇ ಚಂದ್ರನಲ್ಲಿ ಇಳಿಯುವ ಅವಕಾಶದ ಮಾತು ಬಂದಾಗ ಸಾಕೆಂದರು. 1972ರಲ್ಲಿ ಚಾರ್ಲ್ಸ್ ಡ್ಯೂಕ್ ಹೆಂಡತಿ ಮಕ್ಕಳ ಜೊತೆಗಿನ ಫೋಟೋವನ್ನು ಚಂದ್ರನ ನೆಲದ ಮೇಲಿಟ್ಟು ಬಂದರು. ತರಬೇತಿಗೆಂದು ಸದಾ ಮನೆ ಬಿಟ್ಟಿದ್ದ ಅಪ್ಪ ಮಕ್ಕಳನ್ನು ಜೊತೆಗೆ ಕರೆದೊಯ್ದ ಬಗೆ ಅದು. ಹೆಂಡತಿಗೆ ಏನನ್ನಿಸಿತೋ, ನನಗಂತೂ ಕೋಪವೂ ಬಂತು, ಕಣ್ಣೂ ತುಂಬಿತು.

ನೀನು ಹೋಗು. ಬೀದಿಯವರಿಗೆಲ್ಲ ಆಗಲೇ ಹೇಳಿಕೊಂಡು ಬಂದಿದ್ದೇನೆ, ನಿನ್ನೊಡನೆ ಮಾತು ಬಿಟ್ಟಿದ್ದಾಗಲೇ. ಆದರೆ ಅಲ್ಲಿ ಧೈರ್ಯ ತೋರಿಸಲೆಂದು ಒಬ್ಬಳೇ ಹೊರಗೆ ಹೋಗಬೇಡ, ತಂಡದ ವೈದ್ಯರು ಹೇಳಿದ್ದನ್ನು ಕೇಳು, ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿಯೆಲ್ಲ ಎದ್ದಿರಬೇಡ. ಉಪದೇಶ ಶುರುವಾಯಿತು ಎನ್ನುತ್ತೀಯೆ, ಎನ್ನು. ಜ್ವರ ಬಂದರೆ ಬಂತೆಂದು ಹೇಳು, ಬೇಸರವಾದರೆ ಬೇಸರವೆಂದು ಹೇಳು. ‘ಎಲ್ಲ ಚೆನ್ನಾಗಿದೆ’ ಎಂಬ ಸಂದೇಶ ಮಾತ್ರ ಕಳಿಸಬೇಡ. ಅಪ್ಪನಿಗೆ ಮೊದಲು, ನನಗೆ ಆಮೇಲೆ ಎಂಬುದೂ ಇನ್ನು ನಡೆಯುವುದಿಲ್ಲ.

ಹೊರಡುವ ಮೊದಲು ಆ ದವಡೆ ಹಲ್ಲನ್ನು ತೋರಿಸಿಕೊಂಡು ಬಾ.

ನಿನ್ನ
ಅಮ್ಮ