ಕೆರೆ ಅಂದರೆ ಟ್ಯಾಂಕ್ ಅಲ್ಲ, ಪುಟ್ಟಿ

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಎಂಎ ಪ್ರಬಂಧವನ್ನು ಗಾಂಧಿಬಜಾರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. 64 ಪುಟ. ಫೋನಿನಲ್ಲಿ ಓದಿದರೆ ನನಗೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವನ ಕಾಯಿಲೆ ಅಂದುಕೋ. ಇತಿಹಾಸ ನನ್ನ ವಿಷಯವಲ್ಲ. ಆದರೂ ಎರಡು ಸಲ ಓದಿ, ಅಮೆರಿಕದ ಯೂನಿವರ್ಸಿಟಿಗಳ ಸೂಚನೆಗಳನ್ನೂ ನೋಡಿದ ಮೇಲೆ ಒಂದು ಮಾತು ಹೇಳುವ ಧೈರ್ಯ ಬಂದಿದೆ. ಅರ್ಜಿಯ ಜೊತೆ ನಿನ್ನ ಬರವಣಿಗೆಯ ಮಾದರಿ ಅಂತ ಕೇಳುವ ರೈಟಿಂಗ್ ಸ್ಯಾಂಪಲ್‌ಗೆ ಮೊದಲನೇ ಅಧ್ಯಾಯ ಕಳಿಸಬೇಡ.

ಸಿಟ್ಟಾಗಬೇಡ. ಅದಕ್ಕೆ ಆರು ತಿಂಗಳು ಒದ್ದಾಡಿದ್ದೀಯ, ಗೊತ್ತು. ಆದರೆ ಆ 19 ಪುಟಗಳಲ್ಲಿ ಮಾತಾಡುವವರೆಲ್ಲ ಬೇರೆಯವರು. ಇವರು ಹೀಗಂದರು, ಅವರು ಒಪ್ಪಲಿಲ್ಲ. ನೀನು ಬಾಯಿ ಬಿಡುವುದು ಮೂರನೇ ಅಧ್ಯಾಯದಲ್ಲಿ, ಬೆಂಗಳೂರಿನ ಸಂಪಂಗಿ ಕೆರೆಯ ಹತ್ತಿರ ಬಂದಾಗ. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಕುಡಿಯುವ ನೀರಿಗೆ ಕೆರೆಯ ಹಂಗು ತಪ್ಪಿದ ಊರು, ತೋಟದವರಿಗೆ ಮಾತ್ರ ಬೇಕಾಗಿ ಉಳಿದ ಕೆರೆಯನ್ನು ಹೇಗೆ ನೋಡತೊಡಗಿತು ಅಂತ ಕೇಳಿದ್ದೀಯಲ್ಲ, ಅದು ನಿನ್ನ ಪ್ರಶ್ನೆ. ಹಳೇ ಕಡತದ ಒಂದೇ ಪುಟ ಹಿಡಿದು ಸಾಲುಸಾಲಾಗಿ ಬಿಡಿಸಿದ ಭಾಗ ಓದುವಾಗ ಕೈಯಲ್ಲಿದ್ದ ಕೆಂಪು ಪೆನ್ನು ನಿಂತೇ ಹೋಯಿತು. ಅರ್ಜಿ ನೋಡುವ ಮೇಷ್ಟರುಗಳಿಗೂ ಬೇಕಾಗಿರುವುದು ಅದೇ ಇರಬೇಕು. ನೀನು ಎಷ್ಟು ಓದಿದ್ದೀಯ ಅನ್ನುವುದಕ್ಕಿಂತ ಒಂದು ದಾಖಲೆ ಸಿಕ್ಕರೆ ಅದನ್ನು ಏನು ಮಾಡುತ್ತೀಯ ಅನ್ನುವುದು. ಆ ಮೂರನೇ ಅಧ್ಯಾಯವನ್ನೇ ಕಳಿಸು.

ಈಗ ಜಗಳಕ್ಕೆ ಬರುತ್ತೇನೆ. ಉದ್ದಕ್ಕೂ ಕೆರೆಗೆ 'ಟ್ಯಾಂಕ್' ಅಂತ ಬರೆದಿದ್ದೀಯ. ನಮ್ಮಲ್ಲಿ ಇಂಗ್ಲಿಷ್ ಬರೆಯುವವರೆಲ್ಲ ಹಾಗೇ ಬರೆಯುತ್ತಾರೆ, ಸರಿ. ಅಲ್ಲಿಯವರಿಗೆ ಟ್ಯಾಂಕ್ ಅಂದರೆ ಮಹಡಿ ಮೇಲಿನ ಸಿಂಟೆಕ್ಸೋ, ಯುದ್ಧದ ಗಾಡಿಯೋ ನೆನಪಾದರೆ ತಪ್ಪು ಅವರದಲ್ಲ. ಇನ್ನು ನೀರಗಂಟಿಯನ್ನು 'ವಾಚ್‌ಮನ್' ಮಾಡಿಬಿಟ್ಟಿದ್ದೀಯ! ತೂಬು ತೆಗೆದು ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚುತ್ತಿದ್ದವನು ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತ ಹಾಗಾಯಿತು. ಕೆರೆ, ತೂಬು, ಕೋಡಿ, ನೀರಗಂಟಿ, ನಾಲ್ಕನ್ನೂ ಹಾಗೇ ಇಟ್ಟು, ಮೊದಲ ಸಲ ಬಂದಲ್ಲಿ ಒಂದು ಸಾಲು ವಿವರಣೆ ಕೊಡು. ನಿನ್ನ ವಾದವೇ ಆ ಪದಗಳ ಮೇಲೆ ನಿಂತಿದೆ. ಸಂಪಂಗಿ ಕೆರೆಯಂಗಳದಲ್ಲಿ ಈಗ ಕಂಠೀರವ ಸ್ಟೇಡಿಯಂ ಇದ್ದರೂ ಕರಗ ಉತ್ಸವದವರು ಪೂಜೆಗೆ ಅಲ್ಲಿಗೇ ಬರುತ್ತಾರೆ ಅನ್ನುವುದನ್ನು ಅಡಿಟಿಪ್ಪಣಿಯಲ್ಲಿ ಬಚ್ಚಿಟ್ಟಿದ್ದೀಯ. ಮೇಲಕ್ಕೆ ತಾ.

ಮಿತಿ ಕೆಲವು ಕಡೆ 20 ಪುಟ, ಕೆಲವು ಕಡೆ 25. ಗ್ರಂಥಸೂಚಿ ಅದರಲ್ಲಿ ಸೇರುತ್ತದೋ ಇಲ್ಲವೋ, ಒಂದೊಂದನ್ನೂ ಬೇರೆಬೇರೆಯಾಗಿ ನೋಡು. ಅಕ್ಷರ ಚಿಕ್ಕದು ಮಾಡಿ, ಮಾರ್ಜಿನ್ ಕಿರಿದು ಮಾಡಿ ತುರುಕುವ ಆಟ ಮಾತ್ರ ಬೇಡ, ಪುಟ ತಿರುವುವ ಮೊದಲೇ ಗೊತ್ತಾಗುತ್ತದೆ. ಇದು ಪ್ರಬಂಧದ ಮಧ್ಯದಿಂದ ಕಿತ್ತ ಅಧ್ಯಾಯ ಅಂತ ಹೇಳುವ ಅರ್ಧ ಪುಟದ ಟಿಪ್ಪಣಿ ಮೊದಲಿಗಿರಲಿ. ಡಿಸೆಂಬರ್ ಗಡುವು ಅಂದರೆ ನಿನ್ನ ಗೈಡ್ ಮೇಡಂ ಕೈಗೆ ದೀಪಾವಳಿಗೆ ಮೊದಲೇ ಹೋಗಬೇಕು. ಅವರಿಗೂ ಓದಲು ಬಿಡುವು ಬೇಡವೇ?

ತಿದ್ದಿದ ಪ್ರತಿ ನಾಳೆ ಕೊರಿಯರ್ ಮಾಡುತ್ತೇನೆ. ಪುಟ 41ರಲ್ಲಿ 'ಸಂಪಂಗಿ'ಯನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆದಿದ್ದೀಯ, ಯಾವುದಾದರೂ ಒಂದನ್ನು ಗಟ್ಟಿಮಾಡಿಕೋ. ಅಮ್ಮ ಅದೇ ಡಬ್ಬಕ್ಕೆ ಪುಳಿಯೋಗರೆ ಗೊಜ್ಜು ಇಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಎರಡು ಪ್ಲಾಸ್ಟಿಕ್ ಕವರು ಸುತ್ತಿದ್ದೇನೆ. ಆದರೂ ಹಾಳೆಗೆ ಎಣ್ಣೆ ಇಳಿದಿದ್ದರೆ ಭಾನುವಾರ ಫೋನಿನಲ್ಲಿ ಅವಳನ್ನೇ ಕೇಳು.

ನಿನ್ನ
ಅಪ್ಪ