ಮೌನೇಶನಿಗೆ, ಸುರಪುರದಿಂದ

ಚಿ. ಮೌನೇಶನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಊರ ಸುದ್ದಿ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಕಾಗದದ ಕೊನೆಯ ಒಂದು ಮಾತು ಮೂರು ದಿನದಿಂದ ನಿದ್ದೆ ಕೆಡಿಸಿದೆ. 'ಉಸ್ತಾದರ ಕಣ್ಣು ಮಂಜಾಗಿದೆ, ಈಗೆಲ್ಲ ಫೈಬರ್ ದೋಣಿ, ಮರದ ಕೆಲಸ ನನ್ನ ಕೈಯಲ್ಲೇ ಸತ್ತರೆ?' ಅಂತ ಬರೆದಿದ್ದೀಯ.

ಸತ್ತರೆ? ಏನು ಹೇಳಲಿ ನಾನು.

ಲೈಬ್ರರಿಯಲ್ಲಿ ಓದಿದ್ದು ನೆನಪಾಯಿತು. ನಾರ್ವೆಯ ಲಾರ್ವಿಕ್ ಊರಿನಲ್ಲಿ ಕಾಲಿನ್ ಆರ್ಚರ್ ಅಂತ ಒಬ್ಬ. ಬಿರುಗಾಳಿಗೆ ಸಿಕ್ಕ ಮೀನುಗಾರರನ್ನು ಉಳಿಸಲು 1893ರಲ್ಲಿ ಮರದ ಹಾಯಿದೋಣಿ ಕಟ್ಟಿದ. ಮುಂದೆಯೂ ಚೂಪು, ಹಿಂದೆಯೂ ಚೂಪು. 1921ರಲ್ಲಿ ತೀರಿಕೊಂಡ. ಅದೇ ಮಾಟವನ್ನು ಅಮೆರಿಕದವನೊಬ್ಬ ಚಿಕ್ಕದು ಮಾಡಿ ನಕ್ಷೆ ಬರೆದ. ಆ ನಕ್ಷೆ ಹಿಡಿದು, ನೀನಿರುವ ಮುಂಬೈಯಲ್ಲೇ, ನಮ್ಮ ಬಡಗಿಗಳು ಬಾಚಿಯಲ್ಲಿ ಸಾಗವಾನಿ ಕೆತ್ತಿ 'ಸುಹೇಲಿ' ಅನ್ನುವ ದೋಣಿ ಕಟ್ಟಿದರು. ಬರೀ 32 ಅಡಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ ಅನ್ನುವ ಇಂಗ್ಲೆಂಡಿನ ನಾವಿಕ ಅದರಲ್ಲಿ ಒಬ್ಬನೇ, ಎಲ್ಲೂ ನಿಲ್ಲದೆ, 312 ದಿನ ಭೂಮಿ ಸುತ್ತಿ 1969ರಲ್ಲಿ ದಡ ಸೇರಿದ. ಪೈಪೋಟಿಗೆ ಹೊರಟವರು 9 ಜನ, ಮುಗಿಸಿದವನು ಇವನೊಬ್ಬ. ದಾರಿಯಲ್ಲಿ ಹಲಗೆ ಸಂದಿಯಿಂದ ನೀರು ಒಳಗೆ ಬಂದಾಗ ಸಮುದ್ರಕ್ಕೆ ಇಳಿದು ಹತ್ತಿ ತುಂಬಿದ. ನೀನು ದಿನಾ ಮಾಡುವ ಕೆಲಸವೇ.

ಆ ಬಡಗಿಗಳ ಹೆಸರು ಮಾತ್ರ ನಾನು ಓದಿದ ಕಡೆ ಇರಲಿಲ್ಲ. ಸಮಾಧಾನ ಹೇಳಲು ಹೋಗಿ ನಿನ್ನ ಹೆದರಿಕೆ ಜಾಸ್ತಿ ಮಾಡಿದೆನೇನೋ.

ಮುತ್ಯಾನ ಹರಿಗೋಲಿನ ಕತೆ ನಿನಗೆ ಗೊತ್ತು. ಇದೊಂದು ಗೊತ್ತಿಲ್ಲ. ಒಂದು ಮಧ್ಯಾಹ್ನ ಬಿದಿರು ದಬ್ಬೆ ಹರಡಿಕೊಂಡು, 'ಬಾ, ತಳ ಹೆಂಗ ಶುರು ಮಾಡೋದು ನೋಡು' ಅಂತ ಕರೆದ. ಆಗಲೇ ತೊಗಲು ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿತ್ತು. ಇದನ್ನು ಕಲಿತು ಏನಾಗಬೇಕು ಅಂತ ನಾನು ಸೈಕಲ್ ಹತ್ತಿ ಸಿನಿಮಾಕ್ಕೆ ಹೋದೆ. ಅವನು ಮತ್ತೆ ಕರೆಯಲಿಲ್ಲ. ಈಗ ಯಾರಾದರೂ ತಳ ಹಾಕಿಕೊಟ್ಟರೆ ಮೇಲಿನದನ್ನು ಹೆಣೆಯಬಲ್ಲೆ. ಶುರು ಮಾಡಲು ಬರುವುದಿಲ್ಲ.

ನಿನ್ನ ಕೈಯಲ್ಲಿ ಸಾಯುತ್ತದೆ ಅಂತ ಅಳುತ್ತೀಯ. ನನ್ನ ಕೈಗೆ ಅದು ಬರಲೇ ಇಲ್ಲವಲ್ಲೋ.

ದೋಣಿ ಕೆಲಸದಲ್ಲಿ ನಾನು ಏನು ಹೇಳಲಿ, ನೀನೇ ನನಗಿಂತ ಬಲ್ಲವನು. ಆದರೂ ಉಸ್ತಾದರು ಹಲಗೆ ಬಾಗಿಸುವಾಗ ಫೋನಿನಲ್ಲಿ ವಿಡಿಯೋ ಮಾಡಿಕೋ. ಬೈದರೆ ಬೈಸಿಕೋ. ಫೈಬರ್ ಕೆಲಸವನ್ನೂ ಕಲಿ, ಹೊಟ್ಟೆಗೆ ಬೇಕಲ್ಲ. ಅದರ ಧೂಳು ಕೆಟ್ಟದ್ದು, ಮುಖಕ್ಕೆ ಸುಮ್ನೆ ಟವೆಲ್ ಸುತ್ತಿಕೊಂಡರೆ ಸಾಲದು.

ಮುತ್ಯಾನ ಬಿದಿರು ಸೀಳುವ ಕತ್ತಿ ಟ್ರಂಕಿನಲ್ಲಿದೆ, ಜಂಗು ಹಿಡಿದಿದೆ. ತಿಂಥಣಿ ಜಾತ್ರೆಗೆ ಬಂದಾಗ ತೆಗೆದುಕೊಂಡು ಹೋಗು.

ನಿನ್ನ ಕಾಕಾ